ಕೋಳಿಗೆ ಜ್ವರ, ಟ್ರಕ್ಕಿಗೆ ಬರೆ

ಟೊಯೋಟಾ ಹೈಲಕ್ಸ್ ಅನ್ನೋ ಗಾಡಿಯ ಹೆಸರು ನೀವು ಕೇಳಿರಬಹುದು. ಹೆಸರು ಕೇಳದಿದ್ದರೂ ಗಾಡಿಯನ್ನಂತೂ ನೋಡಿರ್ತೀರಿ. ಅಫ್ಘಾನಿಸ್ತಾನವಿರಲಿ, ಲಿಬಿಯಾ ಇರಲಿ, ಸಿರಿಯಾ ಇರಲಿ, ಯುದ್ಧದ ದೃಶ್ಯ ಟಿವಿ ಪರದೆ ಮೇಲೆ ಬಂತು ಅಂದ್ರೆ ಹಿಂಬದಿಯಲ್ಲಿ ಮಷೀನ್ ಗನ್ ಕಟ್ಟಿಕೊಂಡು ಧೂಳೆಬ್ಬಿಸಿ ಓಡುವ ಪಿಕಪ್ ಒಂದು ಇದ್ದೇ ಇರುತ್ತೆ. ಬಹಳಷ್ಟು ಸಲ ಅದು ಹೈಲಕ್ಸೇ. 1987ರಲ್ಲಿ ಚಾಡ್ ಮತ್ತು ಲಿಬಿಯಾ ನಡುವೆ ನಡೆದ ಕದನಕ್ಕಂತೂ ಇಂಥ ಗಾಡಿಗಳಿಂದಾಗಿಯೇ ‘ಟೊಯೋಟಾ ವಾರ್’ ಅಂತ ಹೆಸರು ಬಿತ್ತು.

1968ರಲ್ಲಿ ಜಪಾನಿನಲ್ಲಿ ಹುಟ್ಟಿದ ಈ ಗಾಡಿ 180ಕ್ಕೂ ಹೆಚ್ಚು ದೇಶಗಳಲ್ಲಿ ಮಾರಾಟವಾಗಿದೆ ಅಂತ ಕಂಪನಿ ಹೇಳಿಕೊಳ್ಳುತ್ತೆ. 2022ರಲ್ಲಿ ಭಾರತಕ್ಕೂ ಬಂತು. ಎಲ್ಲಿ ಜೋಡಣೆ ಆಗುತ್ತೆ ಗೊತ್ತಾ? ಮೈಸೂರಿಗೆ ಹೋಗುವಾಗ ತಟ್ಟೆ ಇಡ್ಲಿ ತಿನ್ನೋಕೆ ಗಾಡಿ ನಿಲ್ಲಿಸ್ತೀವಲ್ಲ, ಅದೇ ನಮ್ಮ ಬಿಡದಿಯಲ್ಲಿ.

ಬಿಡದಿಯಲ್ಲಿ ಸಿಗುತ್ತೆ, ಬ್ಯಾಂಕಾಕ್‌ನಲ್ಲಿ ಸಿಗುತ್ತೆ, ಸಿಡ್ನಿಯಲ್ಲಿ ಸಿಗುತ್ತೆ. ಆದರೆ ಜಗತ್ತಿನಲ್ಲೇ ಅತಿ ಹೆಚ್ಚು ಪಿಕಪ್ ಹುಚ್ಚು ಇರುವ ಅಮೆರಿಕದಲ್ಲಿ ಶೋರೂಮಿಗೆ ಹೋಗಿ ಒಂದು ಹೊಸ ಹೈಲಕ್ಸ್ ಕೊಡಿ ಅಂದ್ರೆ, ಇಲ್ಲ! ಅಲ್ಲಿ ಟೊಯೋಟಾದವರು 1995ರಿಂದ ಟಕೋಮಾ ಅನ್ನೋ ಬೇರೆಯದೇ ಪಿಕಪ್ ಮಾರ್ತಾ ಇದ್ದಾರೆ. ಫೋಕ್ಸ್‌ವ್ಯಾಗನ್ ಅಮರೋಕ್ ಅಲ್ಲಿಲ್ಲ. ಇಸುಜು ಡಿ-ಮ್ಯಾಕ್ಸ್ ಅಲ್ಲಿಲ್ಲ. ಅದೆಲ್ಲ ವಿದೇಶಿ ಕಂಪನಿ, ಬಿಡಿ. ಫೋರ್ಡ್ ಅಪ್ಪಟ ಅಮೆರಿಕನ್ ಕಂಪನಿ ತಾನೇ? ಆ ಫೋರ್ಡ್ 2011ರಲ್ಲಿ ಹೊಸ ರೇಂಜರ್ ಪಿಕಪ್ ಹೊರತಂದು ಥಾಯ್ಲೆಂಡಿನಲ್ಲಿ ತಯಾರಿಸಿ ಊರೂರಿಗೆ ಮಾರಿತು. ತನ್ನ ತವರಿನ ಗಿರಾಕಿಗೆ ಮಾತ್ರ ಮಾರಲಿಲ್ಲ. ಅಮೆರಿಕದವರು ಹೊಸ ರೇಂಜರ್ ನೋಡೋಕೆ 2019ರವರೆಗೆ ಕಾಯಬೇಕಾಯ್ತು. ಅದೂ ಮಿಷಿಗನ್‌ನ ಕಾರ್ಖಾನೆಯಲ್ಲೇ ತಯಾರಿಕೆ ಶುರುವಾದ ಮೇಲೆ.

ಯಾಕೆ ಹೀಗೆ? ಕೊಳ್ಳೋಕೆ ಜನ ಇದ್ದಾರೆ, ಮಾರೋಕೆ ಮಾಲು ಇದೆ. ನಡುವೆ ಅಡ್ಡ ನಿಂತಿರೋದು ಏನು?

ಕೋಳಿ. ಹೌದು, ತಮಾಷೆ ಅಲ್ಲ. ನಾವು ತಿನ್ನೋ ಫಾರಂ ಕೋಳಿ.

ಈ ಕಥೆ ಅರ್ಥ ಆಗಬೇಕಾದ್ರೆ ನೂರು ವರ್ಷ ಹಿಂದೆ ಹೋಗಬೇಕು. 1923. ಅಮೆರಿಕದ ಡೆಲಾವೇರ್ ರಾಜ್ಯದ ಒಂದು ಸಣ್ಣ ಊರು. ಸೀಲಿಯಾ ಸ್ಟೀಲ್ ಅನ್ನೋ ಗೃಹಿಣಿ ಮೊಟ್ಟೆಗೋಸ್ಕರ 50 ಕೋಳಿಮರಿ ತರಿಸಿದರು. ಕಳಿಸುವವರ ಎಡವಟ್ಟಿನಿಂದ ಬಂದಿದ್ದು 500 ಮರಿ. ಇನ್ನೊಬ್ಬರಾಗಿದ್ದರೆ ವಾಪಸ್ ಕಳಿಸ್ತಿದ್ದರು. ಈಕೆ ಒಂದು ಶೆಡ್ ಕಟ್ಟಿಸಿ, ಅಷ್ಟನ್ನೂ ಸಾಕಿ, ಮಾಂಸಕ್ಕೆ ಮಾರಿದರು. ಒಳ್ಳೇ ಲಾಭ ಬಂತು. ಮರುವರ್ಷ ಇನ್ನಷ್ಟು ಮರಿ. ಮೂರೇ ವರ್ಷದಲ್ಲಿ 10,000. ಅಲ್ಲಿಯವರೆಗೆ ಕೋಳಿ ಅಂದ್ರೆ ಹಿತ್ತಲಲ್ಲಿ ಮೇಯುವ, ಹಬ್ಬಕ್ಕೋ ನೆಂಟರಿಗೋ ಕೊಯ್ಯುವ ಪದಾರ್ಥ. ಅದು ಉದ್ಯಮ ಆಗಿದ್ದು ಇಂಥ ಶೆಡ್‌ಗಳಿಂದ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಇನ್ನೂ ಒಂದು ಹೆಜ್ಜೆ. ಅಮೆರಿಕದ ಕೃಷಿ ಇಲಾಖೆ ಮತ್ತು ಎ ಅಂಡ್ ಪಿ ಅನ್ನೋ ದೊಡ್ಡ ಅಂಗಡಿ ಸರಣಿ ಸೇರಿಕೊಂಡು ‘ನಾಳೆಯ ಕೋಳಿ’ ಅನ್ನೋ ಸ್ಪರ್ಧೆ ನಡೆಸಿದವು. ಬೇಗ ಬೆಳೀಬೇಕು, ಎದೆಭಾಗದಲ್ಲಿ ಮಾಂಸ ತುಂಬಿರಬೇಕು, ಅಂಥ ತಳಿ ತಂದವರಿಗೆ ಬಹುಮಾನ. ಇವತ್ತು ನಮ್ಮೂರಿನ ಚಿಕನ್ ಅಂಗಡಿಯ ಪಂಜರದಲ್ಲಿ ಕೂತಿರುವ ಬ್ರಾಯ್ಲರ್ ಕೋಳಿಯ ವಂಶವೃಕ್ಷ ಹುಡುಕ್ತಾ ಹೋದ್ರೆ ಅಲ್ಲಿಗೇ ಹೋಗಿ ಮುಟ್ಟುತ್ತೆ.

ಕೋಳಿ ಅಗ್ಗವಾಯ್ತು. ಎಷ್ಟು ಅಗ್ಗ ಅಂದ್ರೆ ಅಮೆರಿಕದವರು ತಿಂದು ಮಿಕ್ಕಿದ್ದನ್ನು ಐಸ್‌ನಲ್ಲಿಟ್ಟು ಹಡಗಿಗೆ ತುಂಬಿ ಯುರೋಪಿಗೆ ಕಳಿಸೋಕೆ ಶುರು ಮಾಡಿದರು. ಯುದ್ಧದಲ್ಲಿ ನಜ್ಜುಗುಜ್ಜಾಗಿ ಮೇಲೇಳುತ್ತಿದ್ದ ಪಶ್ಚಿಮ ಜರ್ಮನಿಯಲ್ಲಿ ಕೋಳಿ ಮಾಂಸ ಅನ್ನೋದು ಶ್ರೀಮಂತರ ಊಟ. ಈಗ ಸಾಮಾನ್ಯ ಜನರ ತಟ್ಟೆಗೂ ಬಂತು. ಜನ ಖುಷಿ. ಆದರೆ ಅಲ್ಲಿಯ ಕೋಳಿ ಸಾಕುವ ರೈತ? ಅವನ ಸಣ್ಣ ಫಾರಂ ಈ ಅಮೆರಿಕನ್ ಕೋಳಿಯ ಬೆಲೆಗೆ ಪೈಪೋಟಿ ಕೊಡೋದು ಸಾಧ್ಯವೇ ಇರಲಿಲ್ಲ. ಅವನು ಬೀದಿಗೆ ಬಂದ. ಅವನ ಸಿಟ್ಟಿಗೂ ಕಾರಣ ಇತ್ತು, ಅದನ್ನು ನಾವು ಮರೀಬಾರದು.

ಆಗ ಯುರೋಪಿನಲ್ಲಿ ಆರು ದೇಶಗಳು ಸೇರಿ ಒಂದು ಆರ್ಥಿಕ ಒಕ್ಕೂಟ ಮಾಡಿಕೊಂಡಿದ್ದವು. ಇವತ್ತಿನ ಯುರೋಪಿಯನ್ ಯೂನಿಯನ್‌ನ ಬೇರು ಅದು. 1962ರಲ್ಲಿ ಒಕ್ಕೂಟ ತನ್ನ ರೈತರನ್ನು ಕಾಪಾಡೋಕೆ ಹೊರಗಿನ ಕೋಳಿಯ ಮೇಲೆ ಸುಂಕ ಏರಿಸಿತು. ಜರ್ಮನಿಗೆ ಹೋಗುವ ಅಮೆರಿಕನ್ ಕೋಳಿಯ ಮೇಲಿನ ಸುಂಕ ಸುಮಾರು ಮೂರು ಪಟ್ಟಾಯ್ತು. ವ್ಯಾಪಾರ ಕುಸಿದುಬಿತ್ತು.

ಅಮೆರಿಕ ಕೆಂಡಾಮಂಡಲ. ಆ ಕಾಲ ಎಂಥದ್ದು ನೆನಪಿಸಿಕೊಳ್ಳಿ. ಬರ್ಲಿನ್ ಗೋಡೆ ಎದ್ದು ನಿಂತಿದೆ. ಕ್ಯೂಬಾದಲ್ಲಿ ಕ್ಷಿಪಣಿ ಬಂದು ಜಗತ್ತು ಅಣುಯುದ್ಧದ ಅಂಚಿಗೆ ಹೋಗಿ ಬಂದಿದೆ. ಅಂಥ ಹೊತ್ತಲ್ಲಿ ದೊಡ್ಡ ದೊಡ್ಡ ನಾಯಕರು ಕೂತು ಚರ್ಚೆ ಮಾಡ್ತಿರೋದು ಕೋಳಿ ಬಗ್ಗೆ! ಎರಡು ವರ್ಷಗಳಲ್ಲಿ ತನ್ನ ಮತ್ತು ಕೆನಡಿ ನಡುವೆ ನಡೆದ ಪತ್ರವ್ಯವಹಾರದಲ್ಲಿ ಅರ್ಧದಷ್ಟು ಕೋಳಿ ಬಗ್ಗೆಯೇ ಇರಬೇಕು ಅಂತ ಜರ್ಮನ್ ಚಾನ್ಸಲರ್ ಕಾನ್ರಾಡ್ ಅಡೆನಾವರ್ ಹೇಳಿಕೊಂಡಿದ್ದರು. ಕೋಳಿ ಸಾಕಣೆಗೆ ಹೆಸರಾದ ಅರ್ಕನ್ಸಾ ರಾಜ್ಯದ ಸೆನೆಟರ್ ಫುಲ್‌ಬ್ರೈಟ್ ನೇಟೋ ರಾಷ್ಟ್ರಗಳ ಅಣ್ವಸ್ತ್ರ ಚರ್ಚೆಯ ನಡುವೆಯೇ ಕೋಳಿ ವಿಷಯ ಎತ್ತಿದ್ದರು. ಮತದಾರನ ಕೋಳಿ ಮುಂದೆ ಅಣುಬಾಂಬ್ ಕೂಡ ಸ್ವಲ್ಪ ಕಾಯಬೇಕು. ರಾಜಕಾರಣ ಎಲ್ಲಾ ಕಡೆ ಒಂದೇ ನೋಡಿ.

ಜಗಳ ಗ್ಯಾಟ್ ಮುಂದೆ ಹೋಯ್ತು. ಗ್ಯಾಟ್ ಅಂದ್ರೆ ಇವತ್ತಿನ ಡಬ್ಲ್ಯುಟಿಒಗೆ ಹಿರಿಯಣ್ಣ ಇದ್ದಂಗೆ. ನಮಗೆ 4 ಕೋಟಿ 60 ಲಕ್ಷ ಡಾಲರ್ ನಷ್ಟ ಅಂತ ಅಮೆರಿಕ. ಇಲ್ಲ, 1 ಕೋಟಿ 90 ಲಕ್ಷ ಅಂತ ಯುರೋಪ್. ಪಂಚಾಯ್ತಿ ಮಾಡಿದವರು 1963ರ ನವೆಂಬರ್‌ನಲ್ಲಿ 2 ಕೋಟಿ 60 ಲಕ್ಷ ಅಂತ ತೀರ್ಪು ಕೊಟ್ಟರು. ಅಷ್ಟು ಮೊತ್ತದ ಯುರೋಪಿನ ಸರಕಿನ ಮೇಲೆ ಅಮೆರಿಕ ಪ್ರತಿಸುಂಕ ಹಾಕಬಹುದು ಅಂತಾಯ್ತು.

ಅದೇ ನವೆಂಬರ್ 22ಕ್ಕೆ ಡಲ್ಲಾಸ್‌ನಲ್ಲಿ ಕೆನಡಿ ಹತ್ಯೆಯಾಯ್ತು. ಲಿಂಡನ್ ಜಾನ್ಸನ್ ಅಧ್ಯಕ್ಷರಾದರು. ದೇಶ ಇನ್ನೂ ದುಃಖದಲ್ಲಿರುವಾಗಲೇ, ಡಿಸೆಂಬರ್ 4ರಂದು, ಹೊಸ ಅಧ್ಯಕ್ಷರು ಒಂದು ಘೋಷಣೆಗೆ ಸಹಿ ಹಾಕಿದರು. ನಾಲ್ಕು ವಸ್ತುಗಳ ಮೇಲೆ ಹೆಚ್ಚುವರಿ ಸುಂಕ. ಆಲೂಗಡ್ಡೆ ಪಿಷ್ಟ ಮತ್ತು ಅದರಿಂದ ಮಾಡುವ ಅಂಟು ಪದಾರ್ಥ ಡೆಕ್ಸ್‌ಟ್ರಿನ್, ಇವೆರಡೂ ಹಾಲೆಂಡಿಗೆ ಗುರಿ. ಬ್ರ್ಯಾಂದಿ ಫ್ರಾನ್ಸಿಗೆ. ನಾಲ್ಕನೆಯದು ಸಣ್ಣ ಟ್ರಕ್, ಅದು ಜರ್ಮನಿಗೆ, ಅಂದ್ರೆ ಫೋಕ್ಸ್‌ವ್ಯಾಗನ್‌ಗೆ. ಟ್ರಕ್ ಮೇಲೆ ಶೇಕಡಾ 8.5 ಇದ್ದ ಸುಂಕ ಒಂದೇ ಏಟಿಗೆ ಶೇಕಡಾ 25ಕ್ಕೆ ಹಾರಿತು. 1964ರ ಜನವರಿ 7ರಿಂದ ಜಾರಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಇಲ್ಲಿ ಕೋಳಿಗೆ ಜ್ವರ ಬಂದು ಟ್ರಕ್ಕಿಗೆ ಬರೆ ಬಿತ್ತು. ಅಮೆರಿಕದವರೇ ಇದನ್ನು ಇವತ್ತಿಗೂ ಕರೆಯೋದು ‘ಚಿಕನ್ ಟ್ಯಾಕ್ಸ್’ ಅಂತ.

ಟ್ರಕ್ಕನ್ನೇ ಯಾಕೆ ಆರಿಸಿದರು? ಇದರ ಹಿಂದೆ ಇನ್ನೊಂದು ಲೆಕ್ಕಾಚಾರ ಇತ್ತು. ವಾಲ್ಟರ್ ರ‍್ಯೂಥರ್ ಅಂತ ಒಬ್ಬರು. ಯುನೈಟೆಡ್ ಆಟೋ ವರ್ಕರ್ಸ್, ಅಂದ್ರೆ ಕಾರು ಕಾರ್ಖಾನೆಗಳ ಕಾರ್ಮಿಕ ಸಂಘದ ಪ್ರಭಾವಿ ನಾಯಕ. 1964 ಚುನಾವಣೆಯ ವರ್ಷ. ಮುಷ್ಕರ ಆಗಬಾರದು, ನಾಗರಿಕ ಹಕ್ಕುಗಳ ವಿಷಯದಲ್ಲಿ ರ‍್ಯೂಥರ್ ಬೆಂಬಲ ಬೇಕು ಅನ್ನೋದು ಜಾನ್ಸನ್ ಅಗತ್ಯ. ದೇಶಕ್ಕೆ ಬರುತ್ತಿರುವ ಫೋಕ್ಸ್‌ವ್ಯಾಗನ್‌ಗಳಿಗೆ ಕಡಿವಾಣ ಬೇಕು ಅನ್ನೋದು ರ‍್ಯೂಥರ್ ಅಗತ್ಯ. ಶ್ವೇತಭವನದ ಅಂದಿನ ಮಾತುಕತೆಯ ಟೇಪುಗಳು ದಶಕಗಳ ನಂತರ ಹೊರಬಂದಾಗ ಈ ಕೊಡುಕೊಳ್ಳುವ ಮಾತೂ ಬೆಳಕಿಗೆ ಬಂತು. ಕೋಳಿ ನೆಪ ಸಿಕ್ಕಿತ್ತು, ಅದನ್ನು ಸರಿಯಾದ ಜಾಗದಲ್ಲಿ ಬಳಸಿಕೊಂಡರು.

ಫೋಕ್ಸ್‌ವ್ಯಾಗನ್‌ನ ಪಿಕಪ್ ಮತ್ತು ಸರಕು ವ್ಯಾನ್ ಅಮೆರಿಕದಲ್ಲಿ ಬಹುತೇಕ ಕಣ್ಮರೆಯಾದವು. ಗಮನಿಸಿ, ಅದೇ ವ್ಯಾನಿಗೆ ಕಿಟಕಿ ಮತ್ತು ಸೀಟು ಹಾಕಿದ್ರೆ ಅದು ಪ್ರಯಾಣಿಕ ವಾಹನ, ಸುಂಕ ಕಮ್ಮಿ. ಕಿಟಕಿ ಜಾಗದಲ್ಲಿ ತಗಡು ಹೊಡೆದ್ರೆ ಅದು ಟ್ರಕ್, ಶೇಕಡಾ 25. ಈ ಕಿಟಕಿ-ತಗಡಿನ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆಮೇಲೆ ಏನಾಯ್ತು? ಕೋಳಿ ಜಗಳ ತಣ್ಣಗಾಯ್ತು. ಪಿಷ್ಟ, ಡೆಕ್ಸ್‌ಟ್ರಿನ್, ಬ್ರ್ಯಾಂದಿ ಮೇಲಿನ ಹೆಚ್ಚುವರಿ ಸುಂಕ ಕಾಲಕ್ರಮೇಣ ಹೋಯ್ತು. ಟ್ರಕ್ ಮೇಲಿನದು ಮಾತ್ರ ಹೋಗಲಿಲ್ಲ. ಗ್ಯಾಟ್ ನಿಯಮದ ಪ್ರಕಾರ ಒಂದು ದೇಶಕ್ಕೆ ಅಂತ ಸುಂಕ ಹಾಕೋ ಹಾಗಿರಲಿಲ್ಲ, ಎಲ್ಲರಿಗೂ ಹಾಕಬೇಕಿತ್ತು. ಹಾಗಾಗಿ 1970ರ ದಶಕದಲ್ಲಿ ಜಪಾನಿನವರು ಸಣ್ಣ, ಗಟ್ಟಿ, ಅಗ್ಗದ ಪಿಕಪ್‌ಗಳನ್ನು ತಂದಾಗ ಈ ಬರೆ ಅವರ ಬೆನ್ನ ಮೇಲೂ ಬಿತ್ತು. ಕೋಳಿ ಜಗಳಕ್ಕೂ ಜಪಾನಿಗೂ ಎಲ್ಲಿಂದೆಲ್ಲಿಯ ಸಂಬಂಧ ಹೇಳಿ!

ಇಲ್ಲಿಂದ ಶುರು ನೋಡಿ ಅಸಲಿ ಮಜಾ. ಸರ್ಕಾರ ಚಾಪೆ ಕೆಳಗೆ ತೂರಿದ್ರೆ ಕಂಪನಿಗಳು ರಂಗೋಲಿ ಕೆಳಗೆ ತೂರಿದವು. ನಾನು ಎಂಜಿನಿಯರಿಂಗ್ ಓದಿದವನು. ಗಾಡಿಯ ಡಿಸೈನ್ ಅಂದ್ರೆ ಭಾರ, ವೇಗ, ಬಾಳಿಕೆ, ಸುರಕ್ಷತೆ ಅಂತ ನಮಗೆ ಪಾಠ ಮಾಡಿದ್ದರು. ಸುಂಕದ ಪಟ್ಟಿ ಮುಂದಿಟ್ಟುಕೊಂಡು ಗಾಡಿ ಡಿಸೈನ್ ಮಾಡೋದನ್ನು ಯಾವ ಸೆಮಿಸ್ಟರ್‌ನಲ್ಲೂ ಹೇಳಿಕೊಟ್ಟಿರಲಿಲ್ಲ.

ಮೊದಲ ಉಪಾಯ. ಪೂರ್ತಿ ಟ್ರಕ್ ತಂದ್ರೆ ತಾನೇ ಶೇಕಡಾ 25? ಕ್ಯಾಬಿನ್ ಮತ್ತು ಚಾಸಿಸ್ ಮಾತ್ರ ತಂದ್ರೆ ಶೇಕಡಾ 4. ಹಿಂದಿನ ತೊಟ್ಟಿಯನ್ನು ಅಮೆರಿಕದಲ್ಲೇ ಬೋಲ್ಟ್ ಹಾಕಿ ಕೂರಿಸಿದ್ರಾಯ್ತು. ಹೀಗೆ ಬಂದದ್ದೇ ಫೋರ್ಡ್ ಕೊರಿಯರ್, ಅದು ನಿಜದಲ್ಲಿ ಜಪಾನಿನ ಮಜ್ದಾ. ಷೆವ್ರೊಲೆ ಲವ್, ಅದು ನಿಜದಲ್ಲಿ ಇಸುಜು. ಸುಂಕದ ರಕ್ಷಣೆ ಇದ್ದದ್ದು ಯಾರಿಗೆ? ಅಮೆರಿಕನ್ ಕಂಪನಿಗಳಿಗೆ. ಸುಂಕ ತಪ್ಪಿಸೋಕೆ ಓಡಾಡಿದವರು ಯಾರು? ಅದೇ ಅಮೆರಿಕನ್ ಕಂಪನಿಗಳು! 1980ರಲ್ಲಿ ಸರ್ಕಾರ ಈ ಕಿಂಡಿ ಮುಚ್ಚಿತು.

ಎರಡನೇ ಉಪಾಯ ಸುಬಾರು ಕಂಪನಿಯದ್ದು. 1978ರಲ್ಲಿ ಬ್ರ್ಯಾಟ್ ಅನ್ನೋ ಪುಟ್ಟ ಪಿಕಪ್ ತಂದರು. ಅದರ ಹಿಂದಿನ ತೊಟ್ಟಿಯಲ್ಲಿ ಎರಡು ಪ್ಲಾಸ್ಟಿಕ್ ಸೀಟು, ಅದೂ ಹಿಮ್ಮುಖವಾಗಿ. ನೆತ್ತಿ ಮೇಲೆ ಬಿಸಿಲು, ಮುಖಕ್ಕೆ ಧೂಳು, ಹಿಡ್ಕೊಳ್ಳೋಕೆ ಒಂದು ಹಿಡಿಕೆ. ಆದರೆ ಸುಂಕದ ಅಧಿಕಾರಿ ಮುಂದೆ ಅದು ‘ಪ್ರಯಾಣಿಕ ವಾಹನ’. ರೊನಾಲ್ಡ್ ರೇಗನ್ ತಮ್ಮ ತೋಟದ ಮನೆಯಲ್ಲಿ ಇಂಥದ್ದೊಂದು ಬ್ರ್ಯಾಟ್ ಇಟ್ಟುಕೊಂಡಿದ್ದರು.

ಮೂರನೆಯದ್ದು ಕೇಳಿದ್ರೆ ಹೊಟ್ಟೆ ಉರಿಯುತ್ತೆ. 2009ರಿಂದ ಫೋರ್ಡ್ ಕಂಪನಿ ಟರ್ಕಿಯಲ್ಲಿ ತಯಾರಿಸಿದ ಟ್ರಾನ್ಸಿಟ್ ಕನೆಕ್ಟ್ ಅನ್ನೋ ವ್ಯಾನನ್ನು ಅಮೆರಿಕಕ್ಕೆ ತಂದಿತು. ಹಡಗಿಂದ ಇಳಿಯುವಾಗ ಹಿಂದೆ ಸೀಟಿದೆ, ಸೀಟ್‌ಬೆಲ್ಟ್ ಇದೆ, ಕಿಟಕಿ ಇದೆ. ಅಂದ್ರೆ ಪ್ರಯಾಣಿಕ ವಾಹನ, ಸುಂಕ ಶೇಕಡಾ 2.5. ಬಾಲ್ಟಿಮೋರ್ ಬಂದರಿನಲ್ಲಿ ಸುಂಕ ಕಟ್ಟಿದ್ದಾಯ್ತು. ಮುಂದಿನ ಕೆಲಸ ಏನು? ಹೊಚ್ಚಹೊಸ ಸೀಟು ಕಿತ್ತು, ಕಿಟಕಿ ಗಾಜು ತೆಗೆದು, ಆ ಜಾಗಕ್ಕೆ ತಗಡು ಕೂರಿಸೋದು. ಸರಕು ವ್ಯಾನ್ ರೆಡಿ. ಕಿತ್ತ ಸೀಟುಗಳು ಪುಡಿಯಾಗೋಕೆ ಹೋದವು. ಒಬ್ಬನೇ ಒಬ್ಬ ಮನುಷ್ಯ ಕೂರದ ಸೀಟನ್ನು ತಯಾರಿಸಿ, ಸಮುದ್ರ ದಾಟಿಸಿ, ಪುಡಿ ಮಾಡೋದು! ಇಷ್ಟೆಲ್ಲಾ ಮಾಡಿದರೂ ಶೇಕಡಾ 25 ಕಟ್ಟೋದಕ್ಕಿಂತ ಅಗ್ಗ ಅಂತಾದ್ರೆ ಆ ಕಾನೂನು ಎಷ್ಟು ವಿಚಿತ್ರ ಇರಬೇಕು? ಮೊಕದ್ದಮೆ ವರ್ಷಗಟ್ಟಲೆ ನಡೆಯಿತು. 2017ರಲ್ಲಿ ಒಂದು ಕೋರ್ಟಿನಲ್ಲಿ ಫೋರ್ಡ್ ಗೆದ್ದಿತು, 2019ರಲ್ಲಿ ಮೇಲ್ಮನವಿಯಲ್ಲಿ ಸೋತಿತು. ಕೊನೆಗೆ 2024ರಲ್ಲಿ 36.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆಗಿನ ಲೆಕ್ಕದಲ್ಲಿ ಸುಮಾರು 3,000 ಕೋಟಿ ರೂಪಾಯಿ.

ಕಿಂಡಿ ಹುಡುಕಿ ಸುಸ್ತಾದವರು ಅಮೆರಿಕದಲ್ಲೇ ಕಾರ್ಖಾನೆ ಹಾಕಿದರು. ನಿಸಾನ್ 1983ರಲ್ಲಿ ಟೆನೆಸ್ಸಿಯಲ್ಲಿ ಪಿಕಪ್ ತಯಾರಿಸೋಕೆ ಶುರು ಮಾಡಿತು. ಟೊಯೋಟಾ ಕೂಡ ಅದೇ ದಾರಿ ಹಿಡಿಯಿತು. 1994ರ ನಾಫ್ತಾ ಒಪ್ಪಂದದ ನಂತರ ಮೆಕ್ಸಿಕೋ ದಾರಿಯೂ ತೆರೆಯಿತು. ಈ ಸುಂಕದಿಂದ ಅಮೆರಿಕಕ್ಕೆ ಒಂದಷ್ಟು ಕಾರ್ಖಾನೆ, ಕೆಲಸ ಸಿಕ್ಕಿದ್ದು ನಿಜ. ಅದನ್ನು ಒಪ್ಪಿಕೊಳ್ಳಲೇಬೇಕು.

ಆದರೆ ಬೆಲೆ ತೆತ್ತವರು ಯಾರು? ಸಣ್ಣ ಪಿಕಪ್ ಬೇಕು ಅನ್ನೋ ಬಡಗಿ, ಪ್ಲಂಬರ್, ಸಣ್ಣ ರೈತ. ಹೊರಗಿನ ಪೈಪೋಟಿ ಇಲ್ಲದ ಕೋಟೆಯೊಳಗೆ ಅಮೆರಿಕನ್ ಕಂಪನಿಗಳು ದೊಡ್ಡ ಪಿಕಪ್ ಮೇಲೆ ದೊಡ್ಡ ಲಾಭ ಮಾಡೋದನ್ನು ರೂಢಿ ಮಾಡಿಕೊಂಡವು. ಇವತ್ತು ಅಲ್ಲಿನ ಫೋರ್ಡ್ ಎಫ್-150 ಅಗಲ ಕನ್ನಡಿ ಬಿಟ್ಟೇ ಎರಡು ಮೀಟರ್ ದಾಟುತ್ತೆ. ನಮ್ಮ ಹಳ್ಳಿಯ ಓಣಿಗೆ ಅದು ನುಗ್ಗಿದ್ರೆ ಎದುರಿಂದ ಎತ್ತಿನ ಗಾಡಿ ಬರೋ ಹಾಗಿಲ್ಲ! 2023ರಲ್ಲಿ ಟೊಯೋಟಾ ಥಾಯ್ಲೆಂಡಿನಲ್ಲಿ ಹೈಲಕ್ಸ್ ಚಾಂಪ್ ಅನ್ನೋ ಸರಳ ಪಿಕಪ್ ಬಿಡುಗಡೆ ಮಾಡಿತು. ಬೆಲೆ 4,59,000 ಬಾತ್‌ನಿಂದ ಶುರು, ಅಂದ್ರೆ ಸುಮಾರು 11 ಲಕ್ಷ ರೂಪಾಯಿ. ಅದನ್ನು ನೋಡಿ ಆಸೆಪಟ್ಟ ಅಮೆರಿಕನ್ನರಿಗೆ ಕೊರತೆ ಇರಲಿಲ್ಲ. ಸಿಗಲಿಲ್ಲ ಅಷ್ಟೇ. 25 ವರ್ಷ ಹಳೆಯ ವಾಹನಕ್ಕೆ ಸುರಕ್ಷತಾ ನಿಯಮದಿಂದ ವಿನಾಯಿತಿ ಇದೆ. ಹಾಗಾಗಿ ಜಪಾನಿನ ಹಳೇ ಪುಟಾಣಿ ಟ್ರಕ್‌ಗಳನ್ನು ಹಡಗಲ್ಲಿ ತರಿಸಿಕೊಂಡು ತೋಟದ ಕೆಲಸಕ್ಕೆ ಇಟ್ಟುಕೊಂಡವರಿದ್ದಾರೆ. ಕೋಳಿನ ಕೇಳಿ ಮಸಾಲೆ ಅರೀತಾರಾ ಅಂತಾರೆ ನಮ್ಮಲ್ಲಿ. ಗಿರಾಕಿನ ಕೇಳಿ ಸುಂಕ ಹಾಕೋದೂ ಇಲ್ಲ.

ಸುಂಕ ಒಂದೇ ಕಾರಣ ಅಂತ ಹೇಳಿದ್ರೆ ತಪ್ಪಾಗುತ್ತೆ. ಅಮೆರಿಕದ ಅಪಘಾತ ಸುರಕ್ಷತಾ ನಿಯಮ ಬೇರೆ, ಹೊಗೆ ನಿಯಮ ಬೇರೆ. ಒಂದು ಗಾಡಿಯನ್ನು ಅಲ್ಲಿಯ ಪರೀಕ್ಷೆಗಳಲ್ಲಿ ಪಾಸು ಮಾಡಿಸೋಕೆ ಕೋಟಿಗಟ್ಟಲೆ ಖರ್ಚು. ಅಷ್ಟು ಖರ್ಚು ಮಾಡಿ, ಮೇಲೆ ಶೇಕಡಾ 25 ಕಟ್ಟಿ, ಯಾರಿಗೆ ಮಾರೋದು ಅಂತ ಕಂಪನಿಗಳು ಕೈಚೆಲ್ತಾವೆ. ನಮ್ಮ ಮಹೀಂದ್ರಾ ಕೂಡ 2000ದ ದಶಕದ ಕೊನೆಯಲ್ಲಿ ಅಮೆರಿಕಕ್ಕೆ ಪಿಕಪ್ ಕಳಿಸೋ ಯೋಜನೆ ಹಾಕಿತ್ತು. ಅನುಮತಿ ತಡವಾಯ್ತು, ಅಲ್ಲಿಯ ವಿತರಕರ ಜೊತೆ ಜಗಳ ಕೋರ್ಟಿಗೆ ಹೋಯ್ತು, ಗಾಡಿ ಹೋಗಲೇ ಇಲ್ಲ.

ಈ ಸುಂಕ ತೆಗೆಯೋಕೆ ಯಾರೂ ಪ್ರಯತ್ನ ಮಾಡಲಿಲ್ವಾ? ಮಾಡಿದರು. ದಕ್ಷಿಣ ಕೊರಿಯಾ ಜೊತೆಗಿನ ಒಪ್ಪಂದದಲ್ಲಿ 2021ರ ಹೊತ್ತಿಗೆ ತೆಗೀತೀವಿ ಅಂತ ಅಮೆರಿಕ ಮಾತು ಕೊಟ್ಟಿತ್ತು. 2018ರಲ್ಲಿ ಮತ್ತೆ ಮಾತುಕತೆಗೆ ಕೂತಾಗ ಆ ಗಡುವನ್ನು 2041ಕ್ಕೆ ತಳ್ಳಿದರು. ಕೋಳಿ ಸತ್ತು ಅರವತ್ತು ವರ್ಷವಾಯ್ತು, ಮಸಾಲೆ ಮಾತ್ರ ಇನ್ನೂ ಕುದೀತಾ ಇದೆ.

ಇದೆಲ್ಲ ನಮಗೆ ಯಾಕೆ ಬೇಕು ಅಂತೀರಾ? 2025ರ ಆಗಸ್ಟ್ ನೆನಪಿಸಿಕೊಳ್ಳಿ. ಅಮೆರಿಕ ಭಾರತದ ಸರಕಿನ ಮೇಲೆ ಶೇಕಡಾ 50 ಸುಂಕ ಹೇರಿತು. ಅದರಲ್ಲಿ ಅರ್ಧ ನಾವು ರಷ್ಯಾದಿಂದ ತೈಲ ಕೊಂಡಿದ್ದಕ್ಕೆ. ತೈಲಕ್ಕೆ ಜ್ವರ, ಬರೆ ಬಿದ್ದಿದ್ದು ಆಂಧ್ರದ ಸಿಗಡಿ ರೈತನಿಗೆ, ತಿರುಪ್ಪೂರಿನ ಹೊಲಿಗೆ ಮಷೀನ್ ಮುಂದೆ ಕೂತ ಹೆಣ್ಣುಮಗಳಿಗೆ. ನಾವೂ ಏನು ಕಮ್ಮಿ ಇಲ್ಲ. ನಮ್ಮ ಉಕ್ಕಿನ ಮೇಲೆ ಅಮೆರಿಕ ಸುಂಕ ಹಾಕಿದ್ದಕ್ಕೆ 2019ರಲ್ಲಿ ಅವರ ಬಾದಾಮಿ, ಸೇಬು, ಅಕ್ರೋಟು ಮೇಲೆ ನಾವು ಪ್ರತಿಸುಂಕ ಹಾಕಿದ್ದೆವು. ಒಳ್ಳೇದೇನಂದ್ರೆ, 2023ರಲ್ಲಿ ಮಾತುಕತೆ ಆಗಿ ಅದನ್ನು ವಾಪಸ್ ತಗೊಂಡೆವು. ನಾಲ್ಕು ವರ್ಷಕ್ಕೆ ಮುಗೀತು, ಅರವತ್ತು ವರ್ಷ ಎಳೀಲಿಲ್ಲ.

ಕೋಟೆ ಕಟ್ಟಿಕೊಂಡು ಕೂತರೆ ಏನಾಗುತ್ತೆ ಅನ್ನೋದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು. 1950ರ ದಶಕದ ಕೊನೆಯಲ್ಲಿ ಬಂದ ಅಂಬಾಸಿಡರ್ ಕಾರು ಹೆಚ್ಚುಕಮ್ಮಿ ಅದೇ ಆಕಾರದಲ್ಲಿ 2014ರವರೆಗೆ ತಯಾರಾಯ್ತು. ಗಟ್ಟಿ ಗಾಡಿ, ಪ್ರೀತಿಯ ಗಾಡಿ, ಎಲ್ಲ ಸರಿ. ಆದರೆ 1983ರಲ್ಲಿ ಮಾರುತಿ 800 ಬರುವವರೆಗೆ ಅದನ್ನು ಬದಲಾಯಿಸಬೇಕು ಅನ್ನೋ ದರ್ದು ಯಾರಿಗಿತ್ತು? ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದವರು ನಾವು.

ರೈತನನ್ನು, ಕಾರ್ಮಿಕನನ್ನು ಕಾಪಾಡೋಕೆ ಸುಂಕ ಬೇಕಾಗಬಹುದು. ಜರ್ಮನಿಯ ಆ ಕೋಳಿ ಸಾಕುವವನ ಕಷ್ಟ ನಿಜವಾದದ್ದು. ನಾಳೆ ಅಮೆರಿಕದ ಅಗ್ಗದ ಕೋಳಿಕಾಲು ನಮ್ಮ ಮಾರುಕಟ್ಟೆಗೆ ಸುರಿದ್ರೆ ನಮ್ಮ ಫಾರಂನವರ ಗತಿಯೂ ಅದೇ. ನನ್ನ ತಕರಾರು ಅದರ ಮೇಲಲ್ಲ. ಯಾರನ್ನು ಕಾಪಾಡ್ತಿದ್ದೀವಿ, ಎಷ್ಟು ವರ್ಷಕ್ಕೆ, ಆ ಅವಧಿಯಲ್ಲಿ ಅವರು ಏನು ಕಲೀಬೇಕು ಅನ್ನೋದನ್ನು ಸುಂಕ ಹಾಕುವ ದಿನವೇ ಬರೆದಿಡಬೇಕು. ಬರೆದಿಡದಿದ್ರೆ, ಸಿಟ್ಟಲ್ಲಿ ಹಾಕಿದ ಸುಂಕ ಸಿಟ್ಟು ಇಳಿದ ಮೇಲೂ ಇಳಿಯಲ್ಲ. ಅದರಿಂದ ಲಾಭ ಪಡೆಯುವವನು ಕಾವಲಿಗೆ ನಿಂತಿರ್ತಾನೆ. ದುಡ್ಡು ಕಟ್ಟುವವನಿಗೆ ತಾನು ಕಟ್ತಾ ಇದ್ದೀನಿ ಅನ್ನೋದೇ ಗೊತ್ತಿರಲ್ಲ.

ಮುಂದಿನ ಸಲ ಯಾವುದೋ ದೇಶಕ್ಕೆ ಬುದ್ಧಿ ಕಲಿಸೋಕೆ ಸುಂಕ ಹಾಕಿದ್ದೇವೆ ಅಂತ ಯಾವುದೇ ಸರ್ಕಾರ ಎದೆಯುಬ್ಬಿಸಿ ಹೇಳಿದಾಗ, ಅದು ಅವರದ್ದಿರಲಿ ನಮ್ಮದಿರಲಿ, ಚಪ್ಪಾಳೆ ಹೊಡೆಯೋ ಮೊದಲು ಒಂದು ಪ್ರಶ್ನೆ ಕೇಳಿ. ಸ್ವಾಮಿ, ಇದನ್ನು ತೆಗೆಯೋದು ಯಾವಾಗ? ಉತ್ತರ ಬರಲಿಲ್ಲ ಅಂದ್ರೆ, ಬಿಡದಿಯಲ್ಲಿ ತಯಾರಾಗಿಯೂ ಅಮೆರಿಕದ ಶೋರೂಮು ಕಾಣದ ಆ ಹೈಲಕ್ಸನ್ನು ನೆನಪಿಸಿಕೊಳ್ಳಿ.